ಹಿತ್ತಲ ಗರಿಕೆ ಮತ್ತು ಎರಡು ಮೊಲ

ಬೆಳಗಿನ ಜಾವ ಹಿತ್ತಲ ಬಾಗಿಲಿನ ಚಿಲಕ ತೆಗೆದರೆ ನನಗೆ ಮೊದಲು ಕೇಳುವುದು ಹುಲ್ಲು ಅಗಿಯುವ ಸದ್ದು. ಹಸು ಮೇಯುವಾಗಿನ ದಪ್ಪ ಸದ್ದಲ್ಲ ಅದು. ರಾಗಿಹುಲ್ಲಿನ ಒಂದೇ ಎಳೆ ಬಾಯಿಯ ಮೂಲೆಯಿಂದ ಒಳಹೋಗುತ್ತ, ಗಿಡ್ಡವಾಗುತ್ತ, ಕಡೆಗೆ ಮೀಸೆಯ ಮರೆಯಲ್ಲಿ ಮಾಯವಾಗುವಾಗ ಏಳುವ ಸಣ್ಣ ಮುರುಮುರು. ಆ ಸದ್ದು ಕೇಳಿದರೆ ರಾತ್ರಿ ಕ್ಷೇಮವಾಗಿ ಕಳೆಯಿತು ಎಂದು ಲೆಕ್ಕ. ಏಳು ವರ್ಷದಿಂದ ನನ್ನ ದಿನ ಹೀಗೇ ಶುರುವಾಗುತ್ತಿದೆ. ಕಾಫಿಗೆ ನೀರಿಡುವುದು ಆಮೇಲೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮದು ಹೆಂಚಿನ ಮನೆ. ಹಿಂದೆ ಒಂದು ಒಗೆಯುವ ಕಲ್ಲು, ಎರಡು ದಾಸವಾಳ, ಒಂದು ನುಗ್ಗೆ, ಕಾಂಪೌಂಡಿನ ಉದ್ದಕ್ಕೂ ತಾನಾಗಿ ಹಬ್ಬಿದ ಗರಿಕೆ. ಗರಿಕೆ ಇದ್ದದ್ದು ಗಣಪತಿ ಹಬ್ಬಕ್ಕೆ ಮಾತ್ರ ನೆನಪಾಗುತ್ತಿತ್ತು. ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಎರಡು ಮರಿಗಳು ರಟ್ಟಿನ ಡಬ್ಬಿಯಲ್ಲಿ ಬಂದವು. ಮಾರಿದವರು, ‘ಎರಡೂ ಹೆಣ್ಣೇ, ಯೋಚನೆ ಬೇಡ, ದಿನಾ ಒಂದು ಕ್ಯಾರೆಟ್ ಹಾಕಿ’ ಎಂದು ಹೇಳಿ ಕಳಿಸಿದ್ದರು. ಆ ಮೂರು ಮಾತಿನಲ್ಲಿ ಒಂದೂ ಸರಿಯಿರಲಿಲ್ಲ ಎಂದು ತಿಳಿಯುವ ಹೊತ್ತಿಗೆ ವರ್ಷ ಅರ್ಧ ಕಳೆದಿತ್ತು. ಬಿಳಿಯದಕ್ಕೆ ಮಗಳು ಅರಳೆ ಎಂದು ಹೆಸರಿಟ್ಟಳು. ಇನ್ನೊಂದಕ್ಕೆ ಜೋನಿಬೆಲ್ಲದ ಬಣ್ಣವಿತ್ತು. ಅದು ಜೋನಿ ಆಯಿತು.

ಮೊದಲ ವಾರ ಎರಡೂ ಪಂಜರದ ಮೂಲೆ ಬಿಟ್ಟು ಕದಲಲಿಲ್ಲ. ನಾವು ಹತ್ತಿರ ಹೋದಷ್ಟೂ ಒಂದಕ್ಕೊಂದು ಒತ್ತಿಕೊಂಡು ಒಂದೇ ಉಂಡೆಯಾಗುತ್ತಿದ್ದವು. ಮಗಳು ಅಳುಮೋರೆ ಮಾಡಿಕೊಂಡು, ‘ನಾನು ಏನೂ ಮಾಡಿಲ್ಲವಲ್ಲ’ ಎಂದಳು. ಅವಳು ಏನೂ ಮಾಡಿರಲಿಲ್ಲ, ನಿಜ. ಆದರೆ ಮುದ್ದಿನಿಂದಲೇ ಆದರೂ ಅವಳ ಕೈ ಮೇಲಿನಿಂದ ಇಳಿಯುತ್ತಿತ್ತು. ಮೊಲಕ್ಕೆ ಮೇಲಿನಿಂದ ಇಳಿಯುವುದೆಲ್ಲ ಹದ್ದು. ಸಾವಿರಾರು ತಲೆಮಾರಿನ ಭಯ ಅದು. ಒಂದು ಕೊತ್ತಂಬರಿ ಎಲೆ ತೋರಿಸಿದ ಮಾತ್ರಕ್ಕೆ ಕರಗುವುದಿಲ್ಲ. ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ, ಸ್ವಲ್ಪ ಎತ್ತರಕ್ಕೆ. ಹಿಂದೆ, ಮೇಲೆ, ಪಕ್ಕ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಮೂಗಿನ ಮುಂದಿನ ಒಂದು ಗೇಣು ಜಾಗ ಮಾತ್ರ. ನಾವು ಪ್ರೀತಿಯಿಂದ ಬೆರಳು ಚಾಚುವುದು ಸರಿಯಾಗಿ ಅದೇ ಜಾಗಕ್ಕೆ. ಅರಳೆಗೆ ಕಣ್ಣು ಬೇರೆ ಕೆಂಪು. ಕೆಂಪುಗಣ್ಣಿನ ಬಿಳಿ ಮೊಲಗಳಿಗೆ ದೃಷ್ಟಿ ಇನ್ನೂ ಮಂದ. ದೂರ ಅಳೆಯಲು ಅವು ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗುತ್ತವೆ. ಅದೇನೋ ಕಾಯಿಲೆ ಇರಬೇಕೆಂದು ನಾವು ಹೆದರಿದ್ದೆವು.

ಪಳಗಿಸುವುದು ಅಂದರೆ ಏನು ಮಾಡಬೇಕು ಎಂದು ನಾನು ಬಹಳ ಯೋಚಿಸಿದೆ. ಕಡೆಗೆ ಮಾಡಿದ್ದು ಒಂದೇ: ನೆಲದ ಮೇಲೆ ಕೂತೆ. ಸಂಜೆ ಆರರಿಂದ ಏಳರವರೆಗೆ ಪಂಜರದ ಬಾಗಿಲು ತೆರೆದಿಟ್ಟು, ಗೋಡೆಗೆ ಒರಗಿ, ಕಾಲು ಚಾಚಿ, ಒಂದು ಪುಸ್ತಕ ಹಿಡಿದುಕೊಂಡು ಓದುತ್ತಿದ್ದೆ. ಅವುಗಳ ಕಡೆ ನೋಡುತ್ತಿರಲಿಲ್ಲ. ಅಂಗೈ ಮೇಲ್ಮುಖ ಮಾಡಿ ನೆಲಕ್ಕೆ ಇಟ್ಟಿರುತ್ತಿದ್ದೆ, ಅಷ್ಟೆ. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೇ ಸಂಜೆ ಹಿಮ್ಮಡಿಗೆ ಏನೋ ತಾಗಿದ ಹಾಗಾಯಿತು. ಮೀಸೆ. ಜೋನಿ ಹಿಂಗಾಲು ಎರಡನ್ನೂ ಹಿಂದೆಯೇ ಊರಿ, ಮೈಯನ್ನು ಮಾತ್ರ ರಬ್ಬರಿನಂತೆ ಮುಂದಕ್ಕೆ ಎಳೆದು, ಓಡಲು ಸಿದ್ಧವಾಗಿಯೇ ನನ್ನನ್ನು ಮೂಸುತ್ತಿದ್ದ. ಮೇಲ್ತುಟಿಯ ಸೀಳು ತೆರೆದು ಮುಚ್ಚುತ್ತಿತ್ತು. ಮೂಗು ಎಷ್ಟು ಬೇಗ ಅದುರುತ್ತಿತ್ತೆಂದರೆ ಅದರ ಅಂಚು ಕಣ್ಣಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದೆ. ಅವನು ಅಂಗೈವರೆಗೂ ಬಂದ, ಗಲ್ಲದ ಅಡಿಯನ್ನು ನನ್ನ ಹೆಬ್ಬೆರಳಿಗೆ ಒಮ್ಮೆ ಉಜ್ಜಿದ, ಹೊರಟುಹೋದ. ಗಲ್ಲದ ಕೆಳಗೆ ಮೊಲಕ್ಕೆ ವಾಸನೆಯ ಗ್ರಂಥಿಯಿದೆ, ಉಜ್ಜಿದ್ದೆಲ್ಲ ತನ್ನದು ಎಂದು ಗುರುತು ಹಾಕುವುದು ಅದರ ರೀತಿ ಎಂದು ಆಮೇಲೆ ಓದಿ ತಿಳಿದೆ. ಆ ಸಂಜೆ ಅದೇನೂ ಗೊತ್ತಿಲ್ಲದೆಯೂ ನನಗೆ ಬಹಳ ಸಂತೋಷವಾಗಿತ್ತು.

ಮೊಲವನ್ನು ಕಂಡವರೆಲ್ಲ ಮೊದಲು ಮಾಡುವುದು ಎತ್ತಿಕೊಳ್ಳುವ ಕೆಲಸ. ಮೊಲಕ್ಕೆ ಬೇಡವಾದದ್ದೂ ಅದೇ. ಹಬ್ಬಕ್ಕೆ ಬಂದ ನೆಂಟರ ಹುಡುಗನೊಬ್ಬ ಅರಳೆಯನ್ನು ಕಿವಿ ಹಿಡಿದು ಎತ್ತಿದ್ದನ್ನು ನೆನೆದರೆ ಇವತ್ತಿಗೂ ನನ್ನ ಬೆನ್ನು ಸೆಟೆಯುತ್ತದೆ. ಅವನದು ತಪ್ಪಲ್ಲ, ಚಿತ್ರಗಳಲ್ಲಿ ಹಾಗೆಯೇ ನೋಡಿದ್ದಾನೆ. ಮೊಲದ ಕಿವಿ ಹಿಡಿಕೆಯಲ್ಲ, ಬಿಸಿಲಿನಲ್ಲಿ ಮೈಯ ಕಾವನ್ನು ಹೊರಹಾಕುವ ಅಂಗ. ಬೆಳಕಿಗೆ ಹಿಡಿದರೆ ಒಳಗಿನ ನರಗಳು ಅರಳಿ ಎಲೆಯ ಎಳೆಗಳ ಹಾಗೆ ಕಾಣುತ್ತವೆ. ಅದರ ಹಿಂಗಾಲಿನ ಸ್ನಾಯು ಬಲವಾದದ್ದು, ಎಲುಬು ಮಾತ್ರ ಹಗುರ. ಗಾಳಿಯಲ್ಲಿ ತೂಗಿದಾಗ ಹೆದರಿ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ, ನಾಲ್ಕೂ ಕಾಲು ನಮ್ಮ ಮೈಗೆ ಒತ್ತಿರಬೇಕು. ಅಂಗಾತ ಮಲಗಿಸಿದರೆ ಮೊಲ ಅಲುಗದೆ ಬಿದ್ದುಕೊಳ್ಳುತ್ತದೆ. ‘ನೋಡಿ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ’ ಎಂದು ಜನ ಫೋಟೊ ತೆಗೆಯುತ್ತಾರೆ. ಅದು ನಿದ್ದೆಯಲ್ಲ. ಬೇಟೆಗಾರನ ಹಿಡಿತಕ್ಕೆ ಸಿಕ್ಕಿದೆ ಎಂದು ಮೈಮರಗಟ್ಟಿದ ಸ್ಥಿತಿ.

ದನಿಯಿಲ್ಲದ ಪ್ರಾಣಿ ಎಂದು ನಾವು ತಿಳಿದಿದ್ದೆವು. ಮಾತೆಲ್ಲ ಮೈಯಲ್ಲಿದೆ ಎಂದು ಗೊತ್ತಾಗಲು ನೆಲದ ಮೇಲೆ ಕೂರಬೇಕಾಯಿತು. ನೆಮ್ಮದಿಯಾಗಿದ್ದಾಗ ಹಲ್ಲನ್ನು ಹಲ್ಲಿಗೆ ಮೆಲ್ಲಗೆ ಉಜ್ಜುತ್ತದೆ. ಬೆರಳನ್ನು ಕೆನ್ನೆಗೆ ಇಟ್ಟರೆ ಹೊಲಿಗೆ ಯಂತ್ರ ದೂರದಲ್ಲಿ ಓಡುತ್ತಿರುವ ಹಾಗೆ ತಿಳಿಯುತ್ತದೆ. ಅದೇ ಹಲ್ಲು ಕಟಕಟ ಎಂದು ಜೋರಾಗಿ ಕೇಳಿದರೆ ನೋವು. ಪೂರ್ತಿ ನಂಬಿಕೆ ಬಂದಾಗ, ಗುಂಡು ತಾಗಿದ ಹಾಗೆ, ಇದ್ದಲ್ಲೇ ಪಕ್ಕಕ್ಕೆ ದೊಪ್ಪೆಂದು ಉರುಳುತ್ತದೆ. ಮೊದಲ ಸಲ ನೋಡಿದಾಗ ನನ್ನ ಎದೆ ನಿಂತಂತಾಗಿತ್ತು. ಇನ್ನು ಖುಷಿ ಹೆಚ್ಚಾದರೆ ಓಡುತ್ತಿದ್ದ ಮೊಲ ನಡುವೆ ಗಾಳಿಗೆ ಎಗರಿ, ತಲೆ ಒಂದು ಕಡೆ ಬಾಲ ಒಂದು ಕಡೆ ತಿರುಚಿ ಇಳಿಯುತ್ತದೆ. ಮಗಳು ಅದಕ್ಕೆ ‘ಅರಳು ಸಿಡಿಯೋದು’ ಎಂದು ಹೆಸರಿಟ್ಟಳು. ಕಾದ ಬಾಣಲೆಯಲ್ಲಿ ಭತ್ತ ಅರಳಾಗಿ ಸಿಡಿಯುವುದನ್ನು ಅಜ್ಜಿಮನೆಯಲ್ಲಿ ನೋಡಿದ್ದಳು. ನಮ್ಮ ಮನೆಯಲ್ಲಿ ಈಗಲೂ ಅದೇ ಮಾತು.

ಹಿಂಗಾಲನ್ನು ನೆಲಕ್ಕೆ ಗುದ್ದುವುದು ಎಚ್ಚರಿಕೆ. ಒಂದು ರಾತ್ರಿ ಎರಡು ಗಂಟೆಗೆ ಜೋನಿ ಹಾಗೆ ಗುದ್ದತೊಡಗಿದ. ಮರದ ಹಲಗೆಯ ಮೇಲೆ ಒಂದೊಂದೇ ಏಟು, ನಡುವೆ ದೀರ್ಘ ಮೌನ. ಟಾರ್ಚ್ ಹಿಡಿದು ಹೋದರೆ ಒಗೆಯುವ ಕಲ್ಲಿನ ಬುಡದಲ್ಲಿ ಮಾರುದ್ದದ ಕೇರೆಹಾವು. ಅದು ಇಲಿಗೆ ಬಂದದ್ದು, ಹೋಯಿತು. ಆದರೆ ಆ ರಾತ್ರಿಯ ನಂತರ ಪಂಜರದ ಬಲೆಯನ್ನು ಬೆರಳು ತೂರದಷ್ಟು ಸಣ್ಣ ಕಣ್ಣಿನದಕ್ಕೆ ಬದಲಾಯಿಸಿದೆವು.

ಕ್ಯಾರೆಟ್ಟಿನ ವಿಷಯ ಹೇಳಬೇಕು. ಮೊಲ ಕ್ಯಾರೆಟ್ ತಿನ್ನುವುದು ಮಕ್ಕಳು ಪೆಪ್ಪರ್‌ಮೆಂಟ್ ತಿಂದ ಹಾಗೆ. ಇಷ್ಟ, ಆದರೆ ಊಟವಲ್ಲ. ಊಟ ಅಂದರೆ ಹುಲ್ಲು. ಹಗಲೂ ರಾತ್ರಿ, ಬೇಕಾದಷ್ಟು, ಒಣಹುಲ್ಲು. ಮೊಲದ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ; ಮುಂದಿನ ಬಾಚಿಹಲ್ಲು ವರ್ಷಕ್ಕೆ 10 ಸೆಂಟಿಮೀಟರಿನಷ್ಟು. ಹುಲ್ಲನ್ನು ಅಗಿದು ಅಗಿದು ಸವೆಸದಿದ್ದರೆ ಅವು ಬಾಗಿ ದವಡೆಗೆ ಚುಚ್ಚುತ್ತವೆ. ಹಸಿರಿಗೆ ನಮ್ಮಲ್ಲಿ ಬರವಿಲ್ಲ. ಗರಿಕೆ, ಕುದುರೆಮೆಂತ್ಯ, ದಾಸವಾಳದ ಎಲೆ, ಕೊತ್ತಂಬರಿಯ ದಂಟು, ಮಾರುಕಟ್ಟೆಯಲ್ಲಿ ಎಸೆಯುವ ಮೂಲಂಗಿ ಸೊಪ್ಪು. ಪರಿಚಯದ ರೇಷ್ಮೆ ಬೆಳೆಗಾರರೊಬ್ಬರು ಹಿಪ್ಪುನೇರಳೆಯ ಸೊಪ್ಪು ತಂದುಕೊಟ್ಟ ದಿನ ನಮ್ಮ ಮೊಲಗಳಿಗೆ ದೀಪಾವಳಿ. ಈರುಳ್ಳಿ, ಆಲೂಗಡ್ಡೆ, ಬಿಸ್ಕತ್ತು ಇವುಗಳನ್ನು ಹತ್ತಿರ ಸುಳಿಸಬಾರದು.

ಇನ್ನೊಂದು ಸಂಗತಿ ಕೆಲವರಿಗೆ ಅಸಹ್ಯವಾಗುತ್ತದೆ, ನನಗೆ ಅದು ವಿಸ್ಮಯ. ಮೊಲದ ಹಿಕ್ಕೆಯಲ್ಲಿ ಎರಡು ಬಗೆ. ಒಂದು ನಮಗೆ ಕಾಣುವ ಒಣಗಿದ ಕಡಲೆಯಂಥದ್ದು. ಇನ್ನೊಂದು ಮೆತ್ತಗೆ, ಹೊಳಪಾಗಿ, ಪುಟ್ಟ ದ್ರಾಕ್ಷಿಗೊಂಚಲಿನಂತೆ ಬರುವುದು. ಅದು ನೆಲಕ್ಕೆ ಬೀಳುವ ಮೊದಲೇ ಮೊಲ ಬಗ್ಗಿ ಬಾಯಿಗೆ ತೆಗೆದುಕೊಂಡುಬಿಡುತ್ತದೆ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹುಲ್ಲಿನಿಂದ ಮಾಡಿಟ್ಟ ಪ್ರೋಟೀನು, ಬಿ ವಿಟಮಿನ್ನುಗಳು ಅದರಲ್ಲಿವೆ. ಆಕಳು ಮೆಲುಕು ಹಾಕಿ ಸಾಧಿಸುವುದನ್ನು ಮೊಲ ಈ ದಾರಿಯಲ್ಲಿ ಸಾಧಿಸುತ್ತದೆ. ಒಂದನ್ನು ಪವಿತ್ರವೆಂದೂ ಇನ್ನೊಂದನ್ನು ಕೊಳಕೆಂದೂ ಕರೆಯಲು ನನಗೆ ಮನಸ್ಸು ಬಾರದು.

ಕನ್ನಡದಲ್ಲಿ ಮೊಲ ಎಂಬ ಒಂದೇ ಮಾತಿನೊಳಗೆ ಎರಡು ಪ್ರಾಣಿಗಳಿವೆ. ಚಂದ್ರನಲ್ಲಿ ಕೂತು ಅವನಿಗೆ ಶಶಾಂಕ ಎಂಬ ಹೆಸರು ತಂದುಕೊಟ್ಟದ್ದು, ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿದ್ದು, ತುಂಗಭದ್ರೆಯ ದಡದಲ್ಲಿ ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಬಂದು ವಿಜಯನಗರಕ್ಕೆ ಜಾಗ ತೋರಿಸಿತೆಂದು ಐತಿಹ್ಯ ಹೇಳುವುದು, ಇವೆಲ್ಲ ನಮ್ಮ ಕಾಡುಮೊಲ. ಹೊಲದ ಬದುವಿನಲ್ಲಿ, ಬಯಲಿನಲ್ಲೇ ಮಲಗುತ್ತದೆ, ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಕಣ್ಣುಬಿಟ್ಟು ಮೈತುಂಬ ಕೂದಲು ಹೊತ್ತಿರುತ್ತದೆ. ಅದನ್ನು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ನಾವು ಮನೆಯಲ್ಲಿ ಸಾಕುವುದು ಬೇರೆ ಜಾತಿ. ಅದರ ತವರು ಸ್ಪೇನು, ಪೋರ್ಚುಗಲ್ಲಿನ ಒಣಗುಡ್ಡಗಳು. ಅಲ್ಲಿ ಬಿಲ ತೋಡಿ ಬಳಗ ಕಟ್ಟಿಕೊಂಡು ಬಾಳಿದ್ದು. ಎರಡಕ್ಕೂ ಕೂಡಿ ಮರಿಯಾಗುವುದಿಲ್ಲ. ಬಿಳಿ ಮೈಯ ಕೆಂಪುಗಣ್ಣಿನ ತಳಿಗೆ ನ್ಯೂಜಿಲೆಂಡ್ ವೈಟ್ ಎಂದು ಹೆಸರು, ಆದರೆ ಅದನ್ನು ಬೆಳೆಸಿದ್ದು ಅಮೆರಿಕದಲ್ಲಿ. ನಮ್ಮ ಅರಳೆಯಲ್ಲಿ ಆ ರಕ್ತ ಹೆಚ್ಚು. ಬಿಲದ ಆಸೆ ಅವಳಿಗೆ ಇಂದಿಗೂ ಹೋಗಿಲ್ಲ. ನುಗ್ಗೆಯ ಬುಡದಲ್ಲಿ ದಿನಾ ಒಂದಿಷ್ಟು ಮಣ್ಣು ಕೆದಕದಿದ್ದರೆ ಸಮಾಧಾನವಿಲ್ಲ.

ಎರಡೂ ಹೆಣ್ಣು ಎಂಬ ಮಾತನ್ನು ನಂಬಿ ಆರು ತಿಂಗಳು ಒಂದೇ ಪಂಜರದಲ್ಲಿ ಬಿಟ್ಟಿದ್ದೆವು. ಒಂದು ಬೆಳಗ್ಗೆ ಬಾಗಿಲು ತೆರೆದಾಗ ಹುಲ್ಲು ಅಗಿಯುವ ಸದ್ದಿರಲಿಲ್ಲ. ಪಂಜರದ ತಂತಿಯ ನೆಲದ ಮೇಲೆ ಹೆಬ್ಬೆರಳಿನ ಗಾತ್ರದ ಐದು ಮರಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮೈಮೇಲೆ ಒಂದು ಕೂದಲಿಲ್ಲ. ತಣ್ಣಗಾಗಿದ್ದವು. ಮೂರಕ್ಕೆ ಇರುವೆ ಮುತ್ತಿತ್ತು. ಅರಳೆ ಎದೆಯ ಕೂದಲನ್ನು ಅರ್ಧ ಕಿತ್ತುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬಾಯಲ್ಲಿ ಹಾಗೇ ಹಿಡಿದು ಕೂತಿದ್ದಳು. ಆ ಚಿತ್ರ ನನ್ನ ಕಣ್ಣಿನಿಂದ ಹೋಗಿಲ್ಲ. ಅವಳಿಗೆ ಬೇಕಾಗಿದ್ದು ಒಂದು ಪೆಟ್ಟಿಗೆ, ಒಂದು ಹಿಡಿ ಹುಲ್ಲು. ನಾನು ಕೊಟ್ಟಿರಲಿಲ್ಲ.

ಪಶು ಆಸ್ಪತ್ರೆಯ ಹಿರಿಯ ಡಾಕ್ಟರು ನನ್ನ ಮಾತೆಲ್ಲ ಕೇಳಿಸಿಕೊಂಡು, ‘ಗಂಡು ಇನ್ನೂ ಜೊತೆಯಲ್ಲೇ ಇದೆಯಾ?’ ಎಂದರು. ಹೌದೆಂದೆ. ‘ಹಾಗಾದರೆ ಇವತ್ತೇ ಮತ್ತೆ ಗಬ್ಬ ಕಟ್ಟಿರುತ್ತೆ. ಕ್ಯಾಲೆಂಡರ್‌ನಲ್ಲಿ ಇಂದಿನಿಂದ 31ನೇ ದಿನಕ್ಕೆ ಗುರುತು ಹಾಕಿ’ ಎಂದರು. ಹಸು ಎಮ್ಮೆಯ ಹಾಗೆ ಮೊಲ ಬೆದೆಗೆ ಕಾಯುವುದಿಲ್ಲವಂತೆ. ಗಂಡಿನ ಕೂಟವಾದ ಮೇಲೆ, ಸುಮಾರು ಹತ್ತು ತಾಸಿಗೆ, ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಮತ್ತೆ ಗರ್ಭ ನಿಲ್ಲಬಲ್ಲದು. ಜೋನಿಯನ್ನು ಅಂದೇ ಬೇರೆ ಮಾಡಿದೆ.

ಆ 31 ದಿನ ನಾನು ಎಣಿಸಿದ ಹಾಗೆ ಯಾವ ದಿನಗಳನ್ನೂ ಎಣಿಸಿಲ್ಲ. ಹಳೆಯ ಸೇಬಿನ ಪೆಟ್ಟಿಗೆಯೊಂದನ್ನು ತೊಳೆದು ಒಣಗಿಸಿದೆ. ಒಂದು ಪಕ್ಕದ ಹಲಗೆ ತಗ್ಗಿಸಿ ಅವಳು ಹಾರಿ ಹೋಗಲು ದಾರಿ ಮಾಡಿದೆ. ಪಂಜರದ ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲಿಟ್ಟೆ. ಅಜ್ಜಿ ಹಾಲು ಮೊಸರಿನ ಗೂಡಿಗೆ ಇರುವೆ ಹತ್ತದಿರಲೆಂದು ಇಡುತ್ತಿದ್ದದ್ದು ನೆನಪಿತ್ತು. 28ನೇ ದಿನ ಪೆಟ್ಟಿಗೆ ಒಳಗಿಟ್ಟು ರಾಗಿಹುಲ್ಲು ಹಾಕಿದೆ. ಅರಳೆ ಅದನ್ನು ಮೂಸಿ, ನಾನು ಹಾಸಿದ್ದನ್ನೆಲ್ಲ ಹೊರಗೆಳೆದು, ತಾನೇ ಹೊಸದಾಗಿ ಹಾಸತೊಡಗಿದಳು. ಹುಲ್ಲಿನ ಕಟ್ಟನ್ನು ಬಾಯಲ್ಲಿ ಅಡ್ಡ ಹಿಡಿದು, ಎರಡು ಕಡೆಯೂ ಗಿರಿಜಾಮೀಸೆಯಂತೆ ಚಾಚಿಕೊಂಡು ಹೋಗುವಳು, ಒಳಗೆ ಒತ್ತುವಳು, ಮತ್ತೆ ಬರುವಳು.

30ನೇ ರಾತ್ರಿ ನಾನು ಮಲಗಲಿಲ್ಲ. ಮಂದ ದೀಪ ಹಚ್ಚಿ ದೂರದಲ್ಲಿ ಕೂತಿದ್ದೆ. ಎರಡು ಗಂಟೆಯ ಹೊತ್ತಿಗೆ ಅವಳು ತಲೆ ಬಗ್ಗಿಸಿ ಎದೆಯ ಕೂದಲನ್ನು ಹಲ್ಲಿನಲ್ಲಿ ಹಿಡಿದು ಜಗ್ಗಿದಳು. ಒಂದು ಹಿಡಿ ಬಂತು. ಪೆಟ್ಟಿಗೆಯೊಳಗಿಟ್ಟಳು. ಮತ್ತೆ ಜಗ್ಗಿದಳು. ಎದೆ, ಕತ್ತಿನ ಕೆಳಗಿನ ಮಡಿಕೆ, ಹೊಟ್ಟೆ. ಅರಳೆ ಎಂದು ಹೆಸರಿಟ್ಟದ್ದು ಆ ರಾತ್ರಿ ನಿಜವಾಯಿತು; ಪೆಟ್ಟಿಗೆ ತುಂಬ ಹಿಂಜಿದ ಹತ್ತಿಯೇ. ಹೆರಿಗೆ ಹತ್ತಿರವಾದಾಗ ಆ ಕೂದಲು ಬುಡದಲ್ಲಿ ತಾನೇ ಸಡಿಲವಾಗುತ್ತದಂತೆ, ಕಿತ್ತರೆ ನೋವಾಗುವುದಿಲ್ಲವಂತೆ. ಕಿತ್ತ ಕೂದಲಿನಿಂದ ಮರಿಗೆ ಹಾಸಿಗೆ; ಕಿತ್ತ ಜಾಗದಲ್ಲಿ ಮೊಲೆತೊಟ್ಟು ತೆರೆದುಕೊಂಡು ಮರಿಯ ಬಾಯಿಗೆ ದಾರಿ. ಬೆಳಗಾಗುವುದರೊಳಗೆ ಮುಗಿದಿತ್ತು. ಅರ್ಧ ತಾಸೂ ಹಿಡಿಯಲಿಲ್ಲ. ಅವಳು ಹೊರಗೆ ಬಂದು ನೀರು ಕುಡಿದಳು. ಪೆಟ್ಟಿಗೆಯಲ್ಲಿ ಮರಿ ಒಂದೂ ಕಾಣದು. ಬಿಳಿ ಹತ್ತಿಯ ರಾಶಿ ಮಾತ್ರ ಅಲ್ಲೊಮ್ಮೆ ಇಲ್ಲೊಮ್ಮೆ ಮಿಡಿಯುತ್ತಿತ್ತು, ಹಾಲು ಉಕ್ಕುವ ಮುಂಚೆ ಕೆನೆ ಅಲುಗುವ ಹಾಗೆ. ಕೈಹಾಕಿ ಎಣಿಸಿದೆ. ಆರು. ಒಂದೊಂದೂ ಐವತ್ತು ಗ್ರಾಂ ಇದ್ದೀತು. ಬಿಸಿಯಾಗಿದ್ದವು.

ಮಾರನೆಯ ದಿನ ಇಡೀ ಹಗಲು ಅರಳೆ ಪೆಟ್ಟಿಗೆಯ ಕಡೆ ತಿರುಗಿ ನೋಡಲಿಲ್ಲ. ಮನುಷ್ಯರ ಕೈ ತಾಗಿತೆಂದು ಮರಿ ಬಿಟ್ಟಳೇನೋ ಎಂದು ನನಗೆ ಅಳು ಬಂತು. ಹಾಗೇನಿಲ್ಲ. ಸಾಕುಮೊಲ ನಮ್ಮ ವಾಸನೆಗೆ ಮರಿ ತೊರೆಯುವುದಿಲ್ಲ. ತಾಯಿಮೊಲ ಹಾಲೂಡುವುದೇ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಅದೂ ಮೂರು ನಾಲ್ಕು ನಿಮಿಷ. ಉಳಿದ ಹೊತ್ತು ದೂರವೇ ಇರುತ್ತದೆ. ಬಿಲದ ಬಾಯಲ್ಲಿ ಅವಳು ಕೂತಿದ್ದರೆ ಅವಳ ವಾಸನೆ ಹಿಡಿದು ನರಿ ಬಂದೀತು. ಹತ್ತಿರ ಹೋಗದಿರುವುದೇ ಅವಳು ಮರಿಗಳಿಗೆ ಕೊಡುವ ಕಾವಲು. ಹಾಲು ಕುಡಿದಿವೆಯೇ ಎಂದು ತಿಳಿಯಲು ಮರಿಯ ಹೊಟ್ಟೆ ನೋಡಿದರೆ ಸಾಕು. ತೆಳು ಚರ್ಮದ ಹಿಂದೆ ಹಾಲಿನ ಬಿಳಿ ಪಟ್ಟಿಯೇ ಕಾಣುತ್ತದೆ. ಆರರಲ್ಲಿ ಐದಕ್ಕೆ ಆ ಪಟ್ಟಿ ಇತ್ತು. ಆರನೆಯದು ಮೂರನೇ ದಿನ ಹೋಯಿತು. ಹನ್ನೊಂದನೇ ದಿನ ಮೊದಲ ಕಣ್ಣು ತೆರೆಯಿತು. ಹದಿನೆಂಟನೇ ದಿನ ಬೂದುಬಣ್ಣದ್ದೊಂದು ಪೆಟ್ಟಿಗೆಯ ಅಂಚಿನಿಂದ ಹೊರಗೆ ಬಿದ್ದು, ಸುತ್ತ ನೋಡಿ, ಎದುರಿಗಿದ್ದ ಹುಲ್ಲಿನ ಎಳೆಯನ್ನು ಬಾಯಿಗಿಟ್ಟುಕೊಂಡಿತು. ಅದಕ್ಕೆ ಎಳ್ಳು ಎಂದು ಹೆಸರು. ಉಳಿದ ನಾಲ್ಕು, ಎಂಟು ವಾರ ತುಂಬಿದ ಮೇಲೆ, ಹಿತ್ತಲಿರುವ ಮನೆಗಳಿಗೆ ಜೋಡಿಯಾಗಿ ಹೋದವು. ಕೊಡುವ ಮೊದಲು ಗಂಡು ಹೆಣ್ಣು ಯಾವುದೆಂದು ಡಾಕ್ಟರಿಗೆ ಎರಡು ಸಲ ತೋರಿಸಿದೆ.

1202ರಲ್ಲಿ ಪೀಸಾ ನಗರದ ಫಿಬೊನಾಚ್ಚಿ ತನ್ನ ಗಣಿತದ ಪುಸ್ತಕದಲ್ಲಿ ಒಂದು ಜೊತೆ ಮೊಲದ ಲೆಕ್ಕ ಇಟ್ಟ. ಪ್ರತಿ ಜೊತೆ ಎರಡನೇ ತಿಂಗಳಿನಿಂದ ತಿಂಗಳಿಗೊಂದು ಜೊತೆ ಮರಿ ಹಾಕುತ್ತ ಹೋದರೆ, ಯಾವುದೂ ಸಾಯದಿದ್ದರೆ, ವರ್ಷದ ಕೊನೆಗೆ 377 ಜೊತೆ. ಆ ಸಂಖ್ಯೆಗಳ ಸಾಲನ್ನು ಅವನಿಗಿಂತ ಮೊದಲೇ ನಮ್ಮ ಛಂದಸ್ಸಿನವರು ಕಂಡಿದ್ದರು. ಲಘುವಿಗೆ 1 ಮಾತ್ರೆ, ಗುರುವಿಗೆ 2 ಎಂದಿಟ್ಟರೆ 4 ಮಾತ್ರೆಯ ಸಾಲನ್ನು 5 ಬಗೆಯಲ್ಲಿ ಕಟ್ಟಬಹುದು, 5 ಮಾತ್ರೆಯದನ್ನು 8 ಬಗೆಯಲ್ಲಿ, 6 ಮಾತ್ರೆಯದನ್ನು 13. ಜೈನ ಆಚಾರ್ಯ ಹೇಮಚಂದ್ರ 12ನೇ ಶತಮಾನದ ನಡುವೆಯೇ ಇದನ್ನು ಹೇಳಿದ್ದಾನೆ. ಪದ್ಯಕ್ಕೆ ಎಷ್ಟು ಬಗೆ ಬಂದರೂ ಒಳ್ಳೆಯದೇ. ಮೊಲದ ಮರಿಗೆ ಹಾಗಲ್ಲ, ಪ್ರತಿಯೊಂದಕ್ಕೂ ಒಂದು ಹಿತ್ತಲು ಬೇಕು. ಗೆಳೆಯರೊಬ್ಬರು, ‘ಮರಿ ಎಲ್ಲ ನಾವೇ ವಾಪಸ್ ಕೊಳ್ಳುತ್ತೇವೆ’ ಎಂದವರ ಮಾತು ನಂಬಿ ಹೊಲದ ಶೆಡ್ಡಿನಲ್ಲಿ ನೂರಾರು ಮೊಲ ತುಂಬಿದರು. ಕೊಳ್ಳುವವರು ಬರಲಿಲ್ಲ. ಏಪ್ರಿಲ್ ಬಂತು. ಆ ತಗಡಿನ ಶೆಡ್ಡಿನೊಳಗೆ ನಾನು ಕಂಡದ್ದನ್ನು ಬರೆಯಲಾರೆ. ಎಳ್ಳುವಿನ ನಂತರ ನಮ್ಮ ಮನೆಯಲ್ಲಿ ಮರಿಯಾಗಲಿಲ್ಲ. ಜೋನಿಗೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆದ ಮೇಲೂ ಆರು ವಾರ ಬೇರೆ ಇಟ್ಟೆವು, ಬೀಜ ಅಷ್ಟು ದಿನ ಉಳಿದಿರುತ್ತದೆ. ಆಮೇಲೆ ಮೂರೂ ಒಟ್ಟಿಗೆ.

ಮೊಲಕ್ಕೆ ಬೆವರಿಲ್ಲ. ಮಾರ್ಚಿನಿಂದ ಮೇವರೆಗೆ ನಮ್ಮ ಫ್ರಿಜ್ಜಿನ ತುಂಬ ನೀರಿನ ಬಾಟಲಿಗಳು ಗಡ್ಡೆಕಟ್ಟುತ್ತಿರುತ್ತವೆ. ಮಧ್ಯಾಹ್ನ ಅವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಅವುಗಳಿಗೆ ಒರಗಿ ಮಲಗುತ್ತವೆ. ಪಂಜರದ ಮೇಲೆ ಒದ್ದೆ ಗೋಣಿತಾಟು. ಹೋದ ವರ್ಷದ ಬೇಸಗೆಯಲ್ಲಿ ಒಂದು ಸಂಜೆ ಜೋನಿ ಹುಲ್ಲು ಮುಟ್ಟಲಿಲ್ಲ. ಸೆಕೆಗೆ ಹಾಗಿರಬಹುದು, ಬೆಳಗ್ಗೆ ನೋಡೋಣ ಎಂದುಕೊಂಡೆ. ಮೊಲ ಹನ್ನೆರಡು ತಾಸು ತಿನ್ನದಿದ್ದರೆ ಕರುಳು ನಿಂತುಹೋಗುತ್ತದೆ. ಅದಕ್ಕೆ ವಾಂತಿ ಮಾಡಲೂ ಬಾರದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೆಳಗ್ಗೆಯವರೆಗೆ ಕಾದೆ. ನುಗ್ಗೆಯ ಬುಡದಲ್ಲಿ, ಅರಳೆ ಕೆದಕುವ ಜಾಗದ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದೆವು. ಹೂಳುವ ಮೊದಲು ಅವನನ್ನು ಒಂದು ತಾಸು ಅರಳೆ ಮತ್ತು ಎಳ್ಳುವಿನ ಹತ್ತಿರ ಬಿಟ್ಟಿದ್ದೆ. ಅರಳೆ ಅವನ ಹಣೆಯನ್ನು ನೆಕ್ಕಿದಳು, ಪಕ್ಕದಲ್ಲಿ ಕೂತಳು, ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋದಳು.

ಮಗಳು ಈಗ ಹದಿನಾರರ ಹುಡುಗಿ. ಕಾಲೇಜಿನಿಂದ ಬಂದವಳು ಚೀಲವನ್ನು ಕುರ್ಚಿಗೆ ಹಾಕಿ ತಾನು ನೆಲಕ್ಕೆ ಕೂರುತ್ತಾಳೆ. ಅರಳೆಗೆ ವಯಸ್ಸಾಯಿತು, ಅರಳು ಸಿಡಿಯುವುದು ನಿಂತಿದೆ. ಈಗ ಕೈಚಾಚಿ ಕಾಯಬೇಕಿಲ್ಲ, ತಾನೇ ಬಂದು ತಲೆಯನ್ನು ನೆಲಕ್ಕೆ ಒತ್ತಿ, ನೇವರಿಸುವವರೆಗೂ ಹಾಗೇ ಇರುತ್ತಾಳೆ. ಇಂದು ಮಧ್ಯಾಹ್ನದಿಂದ ಚಾಮುಂಡಿ ಬೆಟ್ಟದ ಮೇಲೆ ಮೋಡ ಕವಿದಿದೆ. ಮಳೆ ಬರುವ ಮೊದಲು ಎರಡು ಹಿಡಿ ಗರಿಕೆ ಕೊಯ್ದು ಹಜಾರದಲ್ಲಿ ಹರವಬೇಕು. ನೆನೆದ ಹುಲ್ಲು ಹಾಕುವಂತಿಲ್ಲ.